ಬಾತುಮರಿಗಳು ಉಳಿಯುತ್ತಿಲ್ಲವೇ? ತಾಯಿಯ ಯಾವ ಕೆಲಸ ತಪ್ಪಿದೆ ಎಂದು ಪತ್ತೆಹಚ್ಚುವ ಕ್ರಮ

ಹಿತ್ತಲಲ್ಲೋ ಗದ್ದೆಯ ಬದಿಯ ಕೊಟ್ಟಿಗೆಯಲ್ಲೋ ಸಾಕಿದ ಬಾತುಕೋಳಿಯ ಮರಿಗಳು ಸಾಯತೊಡಗಿದಾಗ ಹೆಚ್ಚಿನವರು ಮೊದಲು ಕೇಳುವುದು ಯಾವ ಔಷಧಿ ಕೊಡಬೇಕು ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಮೊಟ್ಟೆಯೊಡೆದು ಎಷ್ಟನೆಯ ದಿನಕ್ಕೆ ಮರಿ ಸತ್ತಿತು, ಆ ವಯಸ್ಸಿನಲ್ಲಿ ಅದಕ್ಕೆ ತಾಯಿಯಿಂದ ಸಿಗಬೇಕಾಗಿದ್ದುದು ಏನು? ರೋಗ ತಗುಲುವುದೇ ಇಲ್ಲವೆಂದಲ್ಲ. ಆದರೆ ಮೊದಲ ಮೂರು ವಾರಗಳಲ್ಲಿ ಸಾಯುವ ಮರಿಗಳಲ್ಲಿ ಬಹಳಷ್ಟು ತಣ್ಣಗಾಗಿ, ಒದ್ದೆಯಾಗಿ, ಹಸಿದು ಇಲ್ಲವೇ ಬೂಷ್ಟು ಹಿಡಿದ ಹಿಂಡಿ ತಿಂದು ಸಾಯುತ್ತವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ಕೈಪಿಡಿಯನ್ನು ರೋಗಗಳ ಅಕಾರಾದಿಯಲ್ಲಿ ಜೋಡಿಸದೆ, ಮರಿಯ ವಯಸ್ಸಿನ ಕ್ರಮದಲ್ಲಿ ಜೋಡಿಸಿದ್ದೇನೆ.

ಸರಿಯಾಗಿ ನಡೆದಾಗ ಹೇಗಿರುತ್ತದೆ

ದೋಷ ಹುಡುಕುವವರಿಗೆ ದೋಷವಿಲ್ಲದ ಸ್ಥಿತಿ ಗೊತ್ತಿರಬೇಕು. ಮಸ್ಕೋವಿ ಎಂಬ ಬಾತೊಂದನ್ನು ಬಿಟ್ಟರೆ ಸಾಕು ಬಾತುಗಳೆಲ್ಲವೂ ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿ. ನಮ್ಮ ಕೆರೆಗಳಲ್ಲಿ ಮರಿ ಮಾಡುವ ವರಟೆ ಬಾತು ಅದರ ಹತ್ತಿರದ ಬಂಧು. ಈ ಹೆಣ್ಣುಗಳು ದಿನಕ್ಕೊಂದರಂತೆ ಮೊಟ್ಟೆಯಿಟ್ಟು, ಕಂತು ಮುಗಿಯುತ್ತ ಬಂದಾಗಲೇ ಪೂರ್ತಿಯಾಗಿ ಕಾವಿಗೆ ಕೂರುತ್ತವೆ. ಹಾಗಾಗಿ ವಾರದ ಅಂತರದಲ್ಲಿ ಇಟ್ಟ ಮೊಟ್ಟೆಗಳೂ ಸುಮಾರು 28ನೆಯ ದಿನ ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಮಸ್ಕೋವಿಯ ಮೊಟ್ಟೆಗೆ 35 ದಿನ ಬೇಕು. ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈಮೇಲೆ ನಯವಾದ ತುಪ್ಪುಳಿರುತ್ತದೆ, ಮೈ ಒಣಗಿದ ಮೇಲೆ ಒಂದೆರಡು ದಿನದೊಳಗೆ ತಾಯಿಯ ಬೆನ್ನುಹತ್ತಿ ನೀರಿಗೆ ಹೊರಡುತ್ತದೆ.

ಇಲ್ಲಿ ಹಲವರು ಗಮನಿಸದ ಸಂಗತಿಯೊಂದಿದೆ. ಪಾರಿವಾಳ ತನ್ನ ಮರಿಯ ಬಾಯಿಗೆ ಆಹಾರ ಇಡುತ್ತದೆ, ಬಾತು ಇಡುವುದಿಲ್ಲ. ಮರಿ ಮೊದಲ ದಿನದಿಂದಲೇ ತಾನಾಗಿ ತಿನ್ನಬೇಕು. ತಾಯಿ ಅದನ್ನು ಆಹಾರ ಇರುವ ಜಾಗಕ್ಕೆ ಕರೆದೊಯ್ಯುತ್ತದೆ, ಅಷ್ಟೇ. ಆ ಜಾಗವೆಂದರೆ ಕೆಸರಿನ ಅಂಚು, ಜೊಂಡಿನ ಬುಡ, ನಿಂತ ನೀರಿನ ತೆಳ್ಳನೆಯ ಪದರ. ಮೊದಲ ಎರಡು ವಾರ ಕಾಡುಬಾತಿನ ಮರಿ ತಿನ್ನುವುದರಲ್ಲಿ ಬಹುಪಾಲು ಹುಳು, ಸೊಳ್ಳೆಜಾತಿಯ ಕೀಟಗಳ ಮರಿಹುಳು, ಸಣ್ಣ ಬಸವನಹುಳು. ಕಾಳು, ಬೀಜ, ಸೊಪ್ಪಿನ ಪಾಲು ಆಮೇಲೆ ನಿಧಾನವಾಗಿ ಏರುತ್ತದೆ. ಈಜಿದ ಬಳಿಕ ಮತ್ತು ರಾತ್ರಿಯಿಡೀ ತಾಯಿ ಮರಿಗಳನ್ನು ರೆಕ್ಕೆಯಡಿಗೆ ಎಳೆದುಕೊಂಡು ಕಾವು ಕೊಡುತ್ತದೆ, ಮೈ ಒಣಗಿಸುತ್ತದೆ. ಮಳೆ ಬಂದರೆ ಹಗಲಿನಲ್ಲಿಯೂ ಹಾಗೆಯೇ. ಹೀಗೆ ತಾಯಿ ಮಾಡುವ ಕೆಲಸ ಬಿಸಿ, ಒಣಮೈ, ಆಹಾರದ ದಾರಿ, ಕಾವಲು ಎಂಬ ನಾಲ್ಕಕ್ಕೆ ಇಳಿಯುತ್ತದೆ. ಮೂಲದಲ್ಲಿ ಮನೆಯ ಹಿತ್ತಲ ದೋಷಗಳಲ್ಲಿ ಹೆಚ್ಚಿನವು ಈ ನಾಲ್ಕರಲ್ಲಿ ಒಂದು ಬಿಟ್ಟುಹೋದದ್ದರಿಂದ ಬರುವಂಥವು.

ಬಾತು ಕಾವಿಗೇ ಕೂರದಿದ್ದರೆ

ಇದನ್ನು ರೋಗವೆಂದು ತಿಳಿದು ಚಿಂತಿಸಬೇಕಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಅಡೀಲ್ ಕ್ಯಾಂಪ್‌ಬೆಲ್ ಎಂಬ ಮಹಿಳೆ ಬೆಳೆಸಿದ ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡಬಲ್ಲದು. ಅಷ್ಟು ಮೊಟ್ಟೆಗಾಗಿ ಆರಿಸಿ ಬೆಳೆಸಿದ ತಳಿಯಲ್ಲಿ ಕಾವಿನ ಬಯಕೆ ಬಹುಮಟ್ಟಿಗೆ ಅಳಿದುಹೋಗಿರುತ್ತದೆ. ಇಂಡಿಯನ್ ರನ್ನರ್, ಪೆಕಿನ್ ತಳಿಗಳ ಕಥೆಯೂ ಹೆಚ್ಚುಕಡಿಮೆ ಅದೇ. ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಂಥ ಕಡೆಗಳಿಂದ ಖಾಕಿ ಕ್ಯಾಂಪ್‌ಬೆಲ್ ಮರಿಗಳನ್ನು ತಂದವರು, ಅವು ದೊಡ್ಡವಾಗಿ ತಾವೇ ಮರಿ ಮಾಡುತ್ತವೆಂದು ಕಾದು ಕೂರಬಾರದು. ತಾಯಿಯೇ ಮರಿ ಸಾಕಬೇಕೆಂಬ ಆಸೆಯಿದ್ದರೆ ಮಸ್ಕೋವಿಯೇ ಸರಿ. ಅದು ಹಟಹಿಡಿದು ಕೂರುತ್ತದೆ, ಬೇರೆ ಬಾತಿನ ಮೊಟ್ಟೆಗೂ ಕಾವು ಕೊಡುತ್ತದೆ.

ನಾಟಿ ಕೋಳಿಯನ್ನು ಕೂರಿಸುವುದು ನಮ್ಮಲ್ಲಿ ಹಳೆಯ ಪದ್ಧತಿ, ಕೆಟ್ಟ ಪದ್ಧತಿಯೂ ಅಲ್ಲ. ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಕೋಳಿಯ ಕಾವಿನ ಅವಧಿ 21 ದಿನ; ಬಾತಿನ ಮೊಟ್ಟೆಗೆ ಮತ್ತೊಂದು ವಾರ ಬೇಕಾದ್ದರಿಂದ, ಅದೇ ಬುಟ್ಟಿಯಲ್ಲಿ ಕೋಳಿಮೊಟ್ಟೆಗಳನ್ನೂ ಸೇರಿಸಿಟ್ಟರೆ ಪಿಳ್ಳೆಗಳು ಹುಟ್ಟಿದ ಕೂಡಲೇ ಕೋಳಿ ಎದ್ದು ಹೊರಡುತ್ತದೆ, ಬಾತಿನ ಮೊಟ್ಟೆಗಳು ಒಳಗೆ ಜೀವವಿದ್ದೂ ತಣ್ಣಗಾಗುತ್ತವೆ. ಬೆರಕೆಯಾಗಿ ಇಡಲೇಬಾರದು. ಎರಡನೆಯದು ತೇವ. ಬಾತು ಮಿಂದು ಬಂದು ಒದ್ದೆ ಹೊಟ್ಟೆಯಲ್ಲೇ ಮತ್ತೆ ಕೂರುವುದರಿಂದ ಮೊಟ್ಟೆಗೆ ತೇವ ಸಿಗುತ್ತದೆ, ಕೋಳಿ ಮಣ್ಣಿನಲ್ಲಿ ಹೊರಳಿ ಬಂದು ಕೂರುತ್ತದೆ. ಕೊನೆಯ ವಾರ ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರನ್ನು ಮೊಟ್ಟೆಯ ಮೇಲೆ ಚಿಮುಕಿಸಿದರೆ ಆ ಕೊರತೆ ಸ್ವಲ್ಪ ತುಂಬುತ್ತದೆ. ಪೂರ್ತಿ ಬೆಳೆದ ಮರಿ ಚಿಪ್ಪಿಗೆ ಸಣ್ಣ ತೂತು ಮಾಡಿ, ಒಣಗಿ ತೊಗಲಿನಂತಾದ ಪೊರೆಗೆ ಅಂಟಿಕೊಂಡು ಸತ್ತಿದ್ದರೆ ತೇವ ಸಾಲಲಿಲ್ಲವೆಂದು ತಿಳಿಯಬೇಕು. ಏಳನೆಯ ದಿನ ಟಾರ್ಚಿನ ಬೆಳಕಿಗೆ ಹಿಡಿದಾಗ ರಕ್ತನಾಳಗಳ ಬಲೆ ಕಾಣದೆ ಮೊಟ್ಟೆ ನಿಚ್ಚಳವಾಗಿದ್ದರೆ ಅದರಲ್ಲಿ ಬೀಜವೇ ಕಟ್ಟಿಲ್ಲ. ಆಗ ವಿಚಾರಿಸಬೇಕಾದದ್ದು ಗಂಡಿನ ವಯಸ್ಸು, ಹೆಣ್ಣುಗಳ ಸಂಖ್ಯೆ, ಮೊಟ್ಟೆ ಎಷ್ಟು ದಿನ ಕೂಡಿಟ್ಟದ್ದು ಎಂಬಿವುಗಳನ್ನು.

ಮೊದಲ ಐದು ದಿನದ ಸಾವು

ಈ ಅವಧಿಯಲ್ಲಿ ಸತ್ತ ಮರಿಯನ್ನು ಕೈಗೆತ್ತಿಕೊಂಡು ಮೊದಲು ಹೊಕ್ಕುಳನ್ನು ನೋಡಬೇಕು. ಹೊಟ್ಟೆ ಊದಿ, ಹೊಕ್ಕುಳು ಒಣಗದೆ ಪಸೆಯಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಒಳಗೆ ಉಳಿದಿದ್ದ ಮೊಟ್ಟೆಯ ಹಳದಿಗೆ ಸೋಂಕು ತಗುಲಿದೆ. ಇದರ ಬೇರು ಮರಿಯ ಸಾಕಣೆಯಲ್ಲಿಲ್ಲ, ಮೊಟ್ಟೆಯ ಕೊಳೆಯಲ್ಲಿದೆ. ಬಾತು ಬೆಳಗಿನ ಜಾವದಲ್ಲಿ ಎಲ್ಲೆಂದರಲ್ಲಿ, ಕೆಸರಿನಲ್ಲೂ ಮೊಟ್ಟೆಯಿಡುತ್ತದೆ. ಹಾಗೆ ಕೊಳಕಾದ ಮೊಟ್ಟೆಯನ್ನು ತಣ್ಣೀರಿನಲ್ಲಿ ತಿಕ್ಕಿ ತೊಳೆದು ಕಾವಿಗಿಡುವುದು ಸೋಂಕನ್ನು ಚಿಪ್ಪಿನ ರಂಧ್ರಗಳೊಳಗೆ ತಳ್ಳಿದಂತೆಯೇ. ಅಂಥ ಮೊಟ್ಟೆ ಅಡುಗೆಮನೆಗೆ ಹೋಗಲಿ. ರಾತ್ರಿ ಕೂಡಿಹಾಕುವ ಜಾಗದಲ್ಲಿ ದಪ್ಪನೆಯ ಒಣಹುಲ್ಲು ಹಾಸಿ, ಬೆಳಿಗ್ಗೆ ಒಂಬತ್ತರ ನಂತರವೇ ಹೊರಬಿಟ್ಟರೆ ಮುಂದಿನ ಕಂತಿಗೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಹೊಕ್ಕುಳು ಚೆನ್ನಾಗಿದ್ದು ಮರಿ ಬೆಳಗಿನ ಹೊತ್ತಿಗೆ ಸತ್ತು ಬಿದ್ದಿದ್ದರೆ, ಅದೂ ಒಂದರ ಮೇಲೊಂದು ಬಿದ್ದಂತೆ ಸತ್ತಿದ್ದರೆ, ಚಳಿಯೇ ಕಾರಣ. ತಾಯಿಯಿಲ್ಲದ ಮರಿಗೆ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ನಾಲ್ಕನೆಯ ವಾರಕ್ಕೆ 24ಕ್ಕೆ ತರಬಹುದು. ಉಷ್ಣಮಾಪಕ ಇಲ್ಲದವರಿಗೆ ಮರಿಗಳೇ ಮಾಪಕ. ಬಲ್ಬಿನಡಿ ಒತ್ತೊತ್ತಾಗಿ ಸೇರಿ ಎತ್ತರದ ದನಿಯಲ್ಲಿ ಬಿಡದೆ ಚೀರುತ್ತಿದ್ದರೆ ಚಳಿ, ಬಲ್ಬಿನಿಂದ ದೂರ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮೂಲೆಗೆ ಸೇರಿದ್ದರೆ ಎದುರು ಮೂಲೆಯಿಂದ ಗಾಳಿ ನುಗ್ಗುತ್ತಿದೆ. ಹರಡಿ ಮಲಗಿ, ಆಗೀಗ ಮೆಲ್ಲಗೆ ಗುಣುಗುಟ್ಟುತ್ತಿದ್ದರೆ ಎಲ್ಲವೂ ಸರಿಯಿದೆ. ಸಂಜೆ ಏಳಕ್ಕೆ ಚೆನ್ನಾಗಿ ಕಂಡ ಗೂಡು ಬೆಳಗಿನ ಜಾವ ನಾಲ್ಕಕ್ಕೆ ಹೇಗಿರುತ್ತದೆಂಬುದೇ ನಿಜವಾದ ಪರೀಕ್ಷೆ. ವಿದ್ಯುತ್ ಕಡಿತವಾಗುವ ಊರಿನಲ್ಲಿ ಬಲ್ಬೊಂದನ್ನೇ ನೆಚ್ಚುವುದು ಸಲ್ಲದು. ಬಿಸಿನೀರು ತುಂಬಿದ ಬಾಟಲಿಗಳನ್ನು ಗೋಣಿಯಲ್ಲಿ ಸುತ್ತಿ ಗೂಡಿನಲ್ಲಿಟ್ಟರೆ ಹಲವು ಗಂಟೆಗಳ ಕಾಲ ತಡೆಯುತ್ತದೆ.

ಒದ್ದೆಯೂ ಚಳಿಯೇ. ಬಾತುಮರಿಯನ್ನು ಮೊದಲ ದಿನವೇ ಟಬ್ಬಿನಲ್ಲಿ ತೇಲಿಬಿಟ್ಟು ಮಕ್ಕಳಿಗೆ ತೋರಿಸುವ ಚಟದಿಂದ ಸತ್ತ ಮರಿಗಳಿಗೆ ಲೆಕ್ಕವಿರಲಾರದು. ತಾಯಿಯೊಂದಿಗಿರುವ ಮರಿ ಈಜಿದರೂ ಕೂಡಲೇ ಅದರ ರೆಕ್ಕೆಯಡಿ ಸೇರಿ ಒಣಗುತ್ತದೆ. ತಾಯಿಯಿಲ್ಲದ ಮರಿಯ ತುಪ್ಪುಳು ನೀರು ಹೀರಿಕೊಂಡು ಮೈಗೆ ಅಂಟುತ್ತದೆ, ಒಣಗಿಸುವವರಿಲ್ಲದೆ ಮೈ ತಣ್ಣಗಾಗುತ್ತದೆ. ನೀರಿನ ತಟ್ಟೆ ಇರಬೇಕಾದದ್ದು ಹೀಗೆ: ಮೊದಲ ವಾರಗಳಲ್ಲಿ ಆಳ 5ರಿಂದ 7.5 ಸೆಂಟಿಮೀಟರ್, ಅಂದರೆ ಕೊಕ್ಕು ಮೂಗಿನ ತೂತಿನವರೆಗೆ ಮುಳುಗಬೇಕು, ಮರಿ ಮಾತ್ರ ಒಳಗೆ ಇಳಿಯಲಾಗಬಾರದು. ಅಷ್ಟೂ ಆಳವಿಲ್ಲದಿದ್ದರೆ ಮೂಗಿನ ತೂತಿನಲ್ಲಿ ಹಿಟ್ಟು ಗಟ್ಟಿಯಾಗುತ್ತದೆ, ಕಣ್ಣಿನ ಅಂಚಿನಲ್ಲಿ ಜಿಗುಟು ಕಟ್ಟುತ್ತದೆ. ಅದನ್ನು ಶೀತವೆಂದು ತಿಳಿದು ಔಷಧಿ ಹಾಕಿದವರಿದ್ದಾರೆ. ತಟ್ಟೆಯನ್ನು ತಂತಿಬಲೆಯ ಮೇಲಿಟ್ಟು, ಬಲೆಯ ಕೆಳಗೆ ಚೆಲ್ಲಿದ ನೀರು ಸೇರಲು ಇನ್ನೊಂದು ತಟ್ಟೆಯಿಟ್ಟರೆ ಹಾಸು ಒಣಗಿರುತ್ತದೆ. ಆಗಲೇ ಒದ್ದೆಯಾಗಿ ಸೆಟೆದುಕೊಂಡ ಮರಿ ಸಿಕ್ಕರೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಬಿಸಿಯಡಿಗೆ ಇಡಬೇಕು, ಅದು ತಲೆ ಎತ್ತುವವರೆಗೆ ಬಾಯಿಗೆ ಏನನ್ನೂ ಹಾಕಬಾರದು.

ಮೂರರಿಂದ ಐದನೆಯ ದಿನದ ನಡುವೆ, ಬಿಸಿಯೂ ಇದ್ದು, ಮೈಯೂ ಒಣಗಿದ್ದು ಮರಿ ಸೊರಗಿ ಸತ್ತರೆ ಅದು ತಿನ್ನಲು ಕಲಿತೇ ಇರಲಿಲ್ಲ. ಹುಟ್ಟುವಾಗ ಹೊಟ್ಟೆಯೊಳಗೆ ಸೇರಿದ ಹಳದಿ ಎರಡು ಮೂರು ದಿನ ಸಾಕಾಗುತ್ತದೆ, ಆ ಬುತ್ತಿ ತೀರಿದ ಕೂಡಲೇ ಮರಿ ಬೀಳುತ್ತದೆ. ದಾರಿ ತೋರುವ ತಾಯಿ ಇಲ್ಲದಿರುವಾಗ, ಇಲ್ಲವೇ ತಾಯಿ ಕೋಳಿಯಾಗಿದ್ದು ಒಣನೆಲವನ್ನು ಕೆದರಿ ಕರೆಯುತ್ತಿರುವಾಗ, ನೀರಿನಲ್ಲಿ ಕೊಕ್ಕಾಡಿಸಿ ಹುಡುಕುವ ಸ್ವಭಾವದ ಬಾತುಮರಿಗೆ ಆ ಕರೆಯಿಂದ ಪೂರ್ತಿ ಪ್ರಯೋಜನವಾಗದು. ಸಣ್ಣಗೆ ಹೆಚ್ಚಿದ ಹರಿವೆ ಸೊಪ್ಪನ್ನೂ ಪುಡಿಮಾಡಿದ ಬೇಯಿಸಿದ ಮೊಟ್ಟೆಯನ್ನೂ ತೆಳ್ಳನೆಯ ನೀರಿನ ಮೇಲೆ ತೇಲಿಬಿಟ್ಟರೆ ಮರಿ ಅಲುಗುವುದನ್ನು ಕಂಡು ಕೊಕ್ಕು ಹಾಕುತ್ತದೆ. ಒಂದು ಮರಿ ಕಲಿತರೆ ಉಳಿದವು ಅದನ್ನು ನೋಡಿಯೇ ಕಲಿಯುತ್ತವೆ. ಆಹಾರವಿಡುವಾಗಲೆಲ್ಲ ಪಕ್ಕದಲ್ಲಿ ನೀರಿರಬೇಕು. ಒಣಹಿಟ್ಟು ಬಾತಿನ ಗಂಟಲಲ್ಲಿ ಮೆತ್ತಿಕೊಳ್ಳುತ್ತದೆ.

ಕಾಲು ಬಿದ್ದ ಮರಿ

ಒಂದರಿಂದ ಮೂರು ವಾರದ ಮರಿ ಚೆನ್ನಾಗಿ ತಿನ್ನುತ್ತಿದ್ದು, ಕಣ್ಣು ಚುರುಕಾಗಿದ್ದು, ನಡೆಯಲಾರದೆ ಕೂರುವುದು ಹಿತ್ತಲ ಸಾಕಣೆಯಲ್ಲಿ ಅತಿ ಸಾಮಾನ್ಯವಾದ ದೂರು. ಹೆಚ್ಚಿನ ತಪ್ಪು ಚಿಕಿತ್ಸೆ ನಡೆಯುವುದೂ ಇಲ್ಲಿಯೇ. ಸುಣ್ಣದಂಶ ಕಡಿಮೆಯೆಂದು ಕ್ಯಾಲ್ಸಿಯಂ ಸುರಿಯುತ್ತಾರೆ. ಮೊದಲು ಕಾಲಿನ ಆಕಾರ ನೋಡಿ.

ಎರಡು ಕಾಲೂ ಪಕ್ಕಕ್ಕೆ ಜಾರಿ ಹರಡಿಕೊಂಡಿದ್ದರೆ, ಅದೂ ಮೊದಲ ವಾರದಲ್ಲೇ ಕಾಣಿಸಿಕೊಂಡಿದ್ದರೆ, ನೆಲವೇ ದೋಷಿ. ಪತ್ರಿಕೆಯ ಹಾಳೆ, ಪ್ಲಾಸ್ಟಿಕ್ ತಟ್ಟೆ, ನಯವಾದ ಟೈಲ್ಸಿನ ಮೇಲೆ ಮರಿಗೆ ಹಿಡಿತ ಸಿಗುವುದಿಲ್ಲ. ಗೋಣಿಚೀಲ ಹಾಸಿ, ಎರಡು ಕಾಲುಗಳ ನಡುವೆ ಸಹಜ ಅಂತರವಿರುವಂತೆ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಬೇಗ ಹಿಡಿದ ಮರಿಗಳು ಕೆಲವೇ ದಿನಗಳಲ್ಲಿ ನೆಟ್ಟಗಾಗುತ್ತವೆ.

ಕಾಲುಗಳು ಬಿಲ್ಲಿನಂತೆ ಬಾಗಿ, ಕಾಲಿನ ಹಿಂಬದಿಯ ಕೀಲು ಊದಿ, ಮರಿ ಆ ಕೀಲಿನ ಮೇಲೇ ಕುಳಿತು ತೆವಳುತ್ತಿದ್ದರೆ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವದ ಕೊರತೆಯನ್ನು ಶಂಕಿಸಬೇಕು. ಬಾತುಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಯಾಸಿನ್ ಬೇಕು, ಇದು ಕೋಳಿಮರಿಯ ಅಗತ್ಯಕ್ಕಿಂತ ಬಹಳ ಹೆಚ್ಚು. ಪ್ರೋಟೀನಿನ ಅಂಶವೊಂದರಿಂದ ಈ ಜೀವಸತ್ವವನ್ನು ಮೈಯಲ್ಲೇ ತಯಾರಿಸಿಕೊಳ್ಳುವ ಶಕ್ತಿ ಬಾತಿಗೆ ಕೋಳಿಗಿಂತ ಕಡಿಮೆ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಬಹುಪಾಲು ಬಿಗಿದುಕೊಂಡ ರೂಪದಲ್ಲಿದ್ದು ಹಕ್ಕಿಗೆ ದಕ್ಕುವುದಿಲ್ಲ. ಆದ್ದರಿಂದ ಬರೀ ನುಚ್ಚು, ಅನ್ನ, ಜೋಳದ ಮೇಲೆ ಬೆಳೆದ ಮರಿ ಕಾಲು ಕಳೆದುಕೊಳ್ಳುತ್ತದೆ, ಅದೇ ಅಕ್ಕಿಯ ಗದ್ದೆಯಲ್ಲಿ ತಾಯಿಯ ಹಿಂದೆ ಓಡಾಡಿ ಬಸವನಹುಳು ಹೆಕ್ಕಿದ ಮರಿಗೆ ಏನೂ ಆಗುವುದಿಲ್ಲ. ಕುಯ್ಲಾದ ಭತ್ತದ ಗದ್ದೆಗಳಲ್ಲಿ ಸಾವಿರಾರು ಬಾತುಗಳನ್ನು ಮೇಯಿಸಿಕೊಂಡು ಊರಿಂದೂರಿಗೆ ಸಾಗುವ ಅಲೆಮಾರಿ ಸಾಕಣೆಗಾರರು ಜೀವಸತ್ವದ ಹೆಸರು ಹೇಳದೆಯೂ ಈ ಕೊರತೆಯನ್ನು ದೂರವಿಡುವುದು ಹೀಗೆಯೇ. ಕೂಡಿಹಾಕಿ ಸಾಕುವವರು ಬ್ರೂವರ್ಸ್ ಯೀಸ್ಟನ್ನು (ಬಿಯರ್ ತಯಾರಿಕೆಯ ಯೀಸ್ಟ್) ದಿನವೂ ಆಹಾರದಲ್ಲಿ ಬೆರೆಸಬಹುದು, ಇಲ್ಲವೇ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕೋಳಿಗಳ ಬಿ-ಕಾಂಪ್ಲೆಕ್ಸ್ ದ್ರಾವಣವನ್ನು ನೀರಿಗೆ ಹಾಕಬಹುದು. ಎರೆಹುಳು, ಗೆದ್ದಲು, ಬೇಯಿಸಿದ ಸಣ್ಣ ಮೀನು ಎಲ್ಲವೂ ಒಳ್ಳೆಯವೇ. ಉಪ್ಪು ಹಾಕಿ ಒಣಗಿಸಿದ ಮೀನು ಮಾತ್ರ ಬೇಡ. ಬೇಗ ಕಂಡುಹಿಡಿದರೆ ಮರಿ ಚೇತರಿಸಿಕೊಳ್ಳುತ್ತದೆ. ಕೀಲು ಸೊಟ್ಟಗಾಗಿ ಗಟ್ಟಿಯಾದ ಮೇಲೆ ನೆಟ್ಟಗಾಗದು.

ಪ್ರೋಟೀನ್ ಮೊದಲ ಎರಡು ಮೂರು ವಾರ ಶೇಕಡಾ 20ರಿಂದ 22ರಷ್ಟಿರಲಿ, ನಂತರ 16ರಿಂದ 18ಕ್ಕೆ ಇಳಿಸಿ. ಇಳಿಸದೆ ಪ್ರೋಟೀನ್ ಹೆಚ್ಚಿರುವ ಆಹಾರವನ್ನೇ ತಿನ್ನಿಸುತ್ತ ಹೋದರೆ ರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಂಡು ನಿಲ್ಲುವುದುಂಟು. ಜೀವಕ್ಕೆ ಅಪಾಯವಿಲ್ಲ. ಕೋಳಿಮರಿಯ ಸ್ಟಾರ್ಟರ್, ಅಂದರೆ ಎಳೆಯ ಮರಿಗಳ ಸಿದ್ಧ ಆಹಾರ, ಕೊಡುವುದಾದರೆ ಔಷಧಿ ಬೆರೆಸದ್ದನ್ನೇ ಕೇಳಿ ತರಬೇಕು. ಬೆರೆಸಿದ ಔಷಧಿಯ ಪ್ರಮಾಣ ಕೋಳಿಯ ಹಸಿವಿನ ಲೆಕ್ಕದ್ದು, ಬಾತುಮರಿ ಅದಕ್ಕಿಂತ ಹೆಚ್ಚು ತಿನ್ನುತ್ತದೆ.

ತಲೆ ಹಿಂದಕ್ಕೆ ಬಾಗಿಸಿ ಸಾಯುವ ಮರಿ

ಕುತ್ತಿಗೆಯನ್ನು ಬೆನ್ನಿನತ್ತ ಸೆಟೆಸಿ, ಕಾಲು ಒದೆಯುತ್ತ ಮರಿ ಸತ್ತರೆ ಎರಡು ಕಾರಣಗಳನ್ನು ಬೇರ್ಪಡಿಸಿ ನೋಡಬೇಕು, ಏಕೆಂದರೆ ಸಾಯುವ ಭಂಗಿ ಎರಡರಲ್ಲಿಯೂ ಒಂದೇ. ಮೊದಲನೆಯದು ಬಾತುಮರಿಗಳ ವೈರಸ್ ಯಕೃತ್ತಿನ ಉರಿಯೂತ. ಇದು ಮಿಂಚಿನಂತೆ ಬರುತ್ತದೆ: ನಿನ್ನೆ ಓಡಾಡುತ್ತಿದ್ದ ಒಂದು ವಾರದ ಮರಿಗಳು ಇಂದು ಬೀಳುತ್ತವೆ, ಮೂರು ನಾಲ್ಕು ದಿನದಲ್ಲಿ ಹಿಂಡಿನ ಬಹುಪಾಲು ಹೋಗುತ್ತದೆ, ಆದರೆ ಅದೇ ಅಂಗಳದ ದೊಡ್ಡ ಬಾತುಗಳಿಗೆ ಏನೂ ಆಗಿರುವುದಿಲ್ಲ. ಐದಾರು ವಾರ ದಾಟಿದ ಮರಿಗಳಲ್ಲಿ ಅಪರೂಪ. ಕತ್ತರಿಸಿ ನೋಡಿದ ವೈದ್ಯರಿಗೆ ಊದಿದ ಯಕೃತ್ತಿನ ಮೇಲೆ ರಕ್ತದ ಚುಕ್ಕೆಗಳು ಕಾಣುತ್ತವೆ.

ಎರಡನೆಯದು ಬೂಷ್ಟಿನ ವಿಷ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಬಾತುಮರಿಗಳೂ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಶಿಲೀಂಧ್ರದ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆ ತನಿಖೆಯಿಂದ. ಬಾತುಮರಿ ಈ ವಿಷಕ್ಕೆ ಎಷ್ಟು ಬೇಗ ಬಲಿಯಾಗುತ್ತದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಬಾತುಮರಿಗಳನ್ನೇ ಬಳಸುತ್ತಿದ್ದರು. ಇಲ್ಲಿ ಸಾವಿಗೆ ಮುನ್ನ ಸಾಮಾನ್ಯವಾಗಿ ಮುನ್ಸೂಚನೆಗಳಿರುತ್ತವೆ: ಮರಿ ಬೆಳೆಯುವುದಿಲ್ಲ, ತಿನ್ನುವುದು ಕಡಿಮೆ ಮಾಡುತ್ತದೆ, ನಡಿಗೆ ತಪ್ಪುತ್ತದೆ, ಕಾಲಿನ ಚರ್ಮ ನೇರಳೆಗೆ ತಿರುಗಬಹುದು, ಯಕೃತ್ತು ಬಿಳಿಚಿಕೊಂಡಿರುತ್ತದೆ. ಹೊಸ ಚೀಲ ಬಿಚ್ಚಿದ ಮೇಲೆ ತೊಂದರೆ ಆರಂಭವಾಯಿತೇ ಎಂದು ನೆನಪಿಸಿಕೊಳ್ಳುವುದು ಅರ್ಧ ರೋಗನಿರ್ಣಯ. ಮುಂಗಾರಿನಲ್ಲಿ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಗೋಡೆಗೆ ಒರಗಿಸಿಟ್ಟ ಹಿಂಡಿ, ತೌಡಿನ ಚೀಲಗಳು ಕಣ್ಣಿಗೆ ಕಾಣದಂತೆ ಬೂಷ್ಟು ಹಿಡಿಯುತ್ತವೆ. ದನಕ್ಕೆ ಹಾಕಿದರೂ ಪರವಾಗಿಲ್ಲವೆನಿಸಿದ ಹಿಂಡಿಯನ್ನು ಬಾತುಮರಿಗೆ ಹಾಕಬಾರದು. ವಿಷವನ್ನು ಬಿಸಿಲಿಗೆ ಹರವಿಯೋ ಬೇಯಿಸಿಯೋ ತೆಗೆಯಲಾಗದು. ಚೀಲವನ್ನೇ ಎಸೆಯಬೇಕು.

ಕುತ್ತಿಗೆ ಸೆಟೆಯದೆ ಹಗ್ಗದಂತೆ ಜೋತುಬಿದ್ದಿದ್ದರೆ ಇದೆರಡೂ ಅಲ್ಲ, ಕೊಳೆತದ್ದರಲ್ಲಿ ಹುಟ್ಟುವ ಬಾಟುಲಿಸಂ ವಿಷವಿರಬಹುದು. ಹತ್ತಿರದಲ್ಲಿ ಕೊಳೆತ ಹೆಣ, ಅದರ ಹುಳು, ಬತ್ತಿದ ಹೊಂಡದ ಕಪ್ಪು ಕೆಸರು ಇದೆಯೇ ಎಂದು ಹುಡುಕಿ, ಹಿಂಡನ್ನು ಅಲ್ಲಿಂದ ಬೇರೆಡೆಗೆ ಸಾಗಿಸಿ. ಮರಿಗಳ ಜೊತೆಗೆ ದೊಡ್ಡ ಬಾತುಗಳೂ ಸಾಯತೊಡಗಿದರೆ ಬಾತು ಪ್ಲೇಗು ಇರಬಹುದು, ಅದಕ್ಕೆ ಲಸಿಕೆಯಿದೆ. ಕೋಳಿ, ಟರ್ಕಿ, ಕಾಡುಹಕ್ಕಿಗಳೂ ಒಮ್ಮೆಗೇ ಸಾಯುತ್ತಿದ್ದರೆ ಹಕ್ಕಿಜ್ವರದ ಶಂಕೆಯಿಂದ ಯಾವುದನ್ನೂ ಮನೆಯಲ್ಲಿ ಕುಯ್ಯದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದಲ್ಲಿ ಆ ಜ್ವರ ಮೊದಲು ಬಯಲಾದದ್ದು ಟರ್ಕಿಗಳ ಸಾವಿನಿಂದ.

ಮರಿಯೇ ಕಾಣೆಯಾದರೆ, ಇಲ್ಲವೇ ಗಾಯಗೊಂಡಿದ್ದರೆ

ಹಗಲಿನಲ್ಲಿ ಒಂದೊಂದಾಗಿ ಕಡಿಮೆಯಾದರೆ ಕಾಗೆ, ಗರುಡ. ರಾತ್ರಿ ಒಂದೊಂದಾಗಿ ಸುಳಿವಿಲ್ಲದೆ ಹೋದರೆ ಹೆಗ್ಗಣ ಅಥವಾ ಹಾವು. ಹಲವು ಮರಿಗಳನ್ನು ಕಚ್ಚಿ ಕೊಂದು ಬಿಟ್ಟುಹೋಗಿದ್ದರೆ ಮುಂಗುಸಿ. ಕೋಳಿಪಂಜರದ ಬಲೆಯ ಕಣ್ಣು ಹೆಗ್ಗಣಕ್ಕೆ ಬಾಗಿಲಿದ್ದಂತೆ. ಅರ್ಧ ಅಂಗುಲಕ್ಕಿಂತ ದೊಡ್ಡ ಕಣ್ಣಿನ ಬಲೆ ಬಳಸಬೇಡಿ.

ತಲೆಯ ಹಿಂಭಾಗದಲ್ಲಿ, ಬೆನ್ನಿನಲ್ಲಿ ಕುಟುಕಿದ ಗಾಯವಿದ್ದರೆ ಕಾರಣ ಹಿಂಡಿನೊಳಗೇ ಇದೆ. ಗಂಡು ಬಾತು ಸಾಕಣೆಯಲ್ಲಿ ಪಾಲುಗೊಳ್ಳುವುದಿಲ್ಲ, ಇಕ್ಕಟ್ಟಿನ ಅಂಗಳದಲ್ಲಿ ಮರಿಯನ್ನು ಕೊಲ್ಲಲೂಬಹುದು. ನಮ್ಮ ಕೆರೆಗಳ ಸಿಳ್ಳೆಬಾತಿನಲ್ಲಿ ಗಂಡೂ ಹೆಣ್ಣೂ ಜೊತೆಯಾಗಿ ಮರಿ ನೋಡಿಕೊಳ್ಳುತ್ತವೆಂಬುದು ನಿಜ, ಆದರೆ ಅದನ್ನು ಕಂಡು ಹಿತ್ತಲಿನ ಗಂಡಿನಿಂದ ಅದನ್ನೇ ನಿರೀಕ್ಷಿಸಲಾಗದು. ಹೆಣ್ಣೂ ತನ್ನ ಮರಿಗಳಿಗೆ ತಾಯಿಯೇ ಹೊರತು ಎಲ್ಲ ಮರಿಗಳಿಗಲ್ಲ. ಮರಿ ತಾಯಿಯನ್ನು ಗುರುತಿಟ್ಟುಕೊಳ್ಳುವುದು ಹುಟ್ಟಿದ ಮೊದಲ ದಿನದೊಳಗೆ. ಮೊಟ್ಟೆಯೊಳಗಿದ್ದಾಗಲೇ ಅದು ತಾಯಿಯ ದನಿ ಕೇಳಿರುತ್ತದೆ. ಆದ್ದರಿಂದ ಪೇಟೆಯಿಂದ ತಂದ ಒಂದು ವಾರದ ಮರಿಗಳನ್ನು ಹಗಲಿನಲ್ಲಿ ತಾಯಿಬಾತಿನ ಮುಂದೆ ಬಿಟ್ಟರೆ ಮರಿಗಳಿಗೆ ಅದರ ಕರೆ ಅರ್ಥವಾಗದು, ಅದಕ್ಕೆ ಮರಿಗಳು ಶತ್ರುಗಳಂತೆ ಕಾಣುತ್ತವೆ. ಸೇರಿಸಲೇಬೇಕಿದ್ದರೆ ಮರಿಗಳು ಒಂದೆರಡು ದಿನದವಾಗಿರಬೇಕು, ಅದರ ಸ್ವಂತ ಮರಿಗಳ ವಯಸ್ಸು ಬಣ್ಣಗಳಿಗೆ ಹೊಂದುವಂತಿರಬೇಕು, ಕತ್ತಲಾದ ಮೇಲೆ ರೆಕ್ಕೆಯಡಿಗೆ ಸೇರಿಸಬೇಕು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಇದ್ದು ನೋಡಬೇಕು; ಕುಟುಕಿದರೆ ಆ ಕ್ಷಣವೇ ಬೇರ್ಪಡಿಸಿ ಬಲ್ಬಿನಡಿ ಸಾಕುವುದೇ ಲೇಸು.

ವೈದ್ಯರ ಬಳಿಗೆ ಒಯ್ಯುವಾಗ

ಸತ್ತು ಹಲವು ಗಂಟೆ ಹಾಗೇ ಬಿದ್ದಿದ್ದ ಮರಿಯಿಂದ ಹೆಚ್ಚೇನೂ ತಿಳಿಯದು. ಆಗತಾನೇ ಸತ್ತ ಒಂದೆರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ನಡುವೆ ಇಟ್ಟು ಅದೇ ದಿನ ತಲುಪಿಸಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಬೇಡಿ, ಅಂಗಾಂಶ ಹಾಳಾಗುತ್ತದೆ. ಸಾಯುವ ಸ್ಥಿತಿಯಲ್ಲಿರುವ ಒಂದು ಮರಿಯನ್ನೂ ಒಯ್ದರೆ ಇನ್ನೂ ಒಳ್ಳೆಯದು. ಮರಿಗಳ ವಯಸ್ಸು, ಹುಟ್ಟಿದ್ದೆಷ್ಟು ಸತ್ತದ್ದೆಷ್ಟು ಎಂಬ ದಿನವಾರು ಲೆಕ್ಕ, ದೊಡ್ಡ ಬಾತುಗಳ ಸ್ಥಿತಿ, ಆಹಾರದ ಚೀಲ ಬದಲಾದ ದಿನ ಇವಿಷ್ಟನ್ನು ಕಾಗದದಲ್ಲಿ ಬರೆದುಕೊಡಿ. ಜೊತೆಗೆ ಅರ್ಧ ಕಿಲೋದಷ್ಟು ಆಹಾರವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಯ್ಯಿರಿ. ಅದನ್ನು ಚೀಲದ ಮೇಲ್ಭಾಗದಿಂದ ಮಾತ್ರ ತೆಗೆಯದೆ, ತಳದಿಂದಲೂ ಗೋಡೆಗೆ ತಾಗಿದ್ದ ಬದಿಯಿಂದಲೂ ತೆಗೆದು ಬೆರೆಸಿರಬೇಕು. ಬೂಷ್ಟು ಚೀಲದ ತುಂಬ ಒಂದೇ ಸಮನಾಗಿ ಹರಡಿರುವುದಿಲ್ಲ.